ಸಂಗಾತಿಯ ವಲಸೆ ವೀಸಾ: ಊರಿನ ಮದುವೆಯಿಂದ ಅಮೆರಿಕದ ಗ್ರೀನ್ ಕಾರ್ಡ್‌ವರೆಗೆ

ಅಮೆರಿಕದ ಪ್ರಜೆಯನ್ನು ಮದುವೆಯಾದ ಮಾತ್ರಕ್ಕೆ ಆ ದೇಶಕ್ಕೆ ಹೋಗಿ ನೆಲೆಸುವ ಹಕ್ಕು ಬಂದುಬಿಡುವುದಿಲ್ಲ. ಮದುವೆಯಿಂದ ಬರುವುದು ಅರ್ಜಿ ಹಾಕುವ ಅರ್ಹತೆ ಮಾತ್ರ, ಅದೂ ಅಲ್ಲಿರುವ ಪ್ರಜೆಗೆ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಹೆಂಡತಿ ಅಥವಾ ಗಂಡ ತಾನಾಗಿ ಹೋಗಿ ವಲಸೆ ವೀಸಾ ಕೇಳುವಂತಿಲ್ಲ. ಇವರು ತನ್ನ ಸಂಗಾತಿ ಎಂದು ಅಲ್ಲಿರುವವರು ಮೊದಲು ಅಮೆರಿಕ ಸರ್ಕಾರಕ್ಕೆ ರುಜುವಾತು ಮಾಡಬೇಕು. ಸರ್ಕಾರ ಒಪ್ಪಿದ ಮೇಲೆ ಕಡತ ಭಾರತದಲ್ಲಿರುವ ಕಾನ್ಸುಲೇಟ್‌ಗೆ ಬರುತ್ತದೆ, ಅಲ್ಲಿ ಸಂದರ್ಶನ ನಡೆಯುತ್ತದೆ.

ಕಡತ ಮೂರು ಮೇಜುಗಳನ್ನು ದಾಟಬೇಕು. ಮೊದಲನೆಯದು ಗೃಹ ಭದ್ರತಾ ಇಲಾಖೆಯ ಕೆಳಗಿರುವ ಪೌರತ್ವ ಮತ್ತು ವಲಸೆ ಸೇವಾ ಸಂಸ್ಥೆ, ಎಲ್ಲರ ಬಾಯಲ್ಲಿ ಯುಎಸ್‌ಸಿಐಎಸ್. ಎರಡನೆಯದು ವಿದೇಶಾಂಗ ಇಲಾಖೆಯ ರಾಷ್ಟ್ರೀಯ ವೀಸಾ ಕೇಂದ್ರ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೋರ್ಟ್ಸ್‌ಮತ್ ಊರಿನಲ್ಲಿದೆ. ಮೂರನೆಯದು ಕಾನ್ಸುಲೇಟ್. ಎಲ್ಲ ಸುಸೂತ್ರವಾಗಿ ನಡೆದರೂ ವರ್ಷಕ್ಕಿಂತ ಹೆಚ್ಚು ಹಿಡಿಯುವುದು ಸಾಮಾನ್ಯ.

ನಮ್ಮ ಕಡೆ ಆಗುವುದೇನೆಂದರೆ, ಅರ್ಜಿಯನ್ನೆಲ್ಲ ಅಲ್ಲಿರುವವರೋ ಅವರ ವಕೀಲರೋ ತುಂಬುತ್ತಾರೆ. ಇಲ್ಲಿರುವವರು ತೋರಿಸಿದ ಕಡೆ ಸಹಿ ಹಾಕುತ್ತಾರೆ. ಆದರೆ ಕೊನೆಯಲ್ಲಿ ಗಾಜಿನ ಕಿಟಕಿಯ ಮುಂದೆ ಪ್ರಮಾಣ ಮಾಡಿ ಉತ್ತರ ಕೊಡಬೇಕಾದವರು ಇಲ್ಲಿರುವವರೇ. ಹಾಗಾಗಿ ಈ ಲೇಖನವನ್ನು ಊರಿನಲ್ಲಿ ಕಾಯುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ತಮ್ಮ ಹೆಸರಿನಲ್ಲಿ ಹೋದ ಕಡತದಲ್ಲಿ ಏನಿದೆ ಎಂದು ಅವರು ಪೂರ್ತಿ ಓದಿ ತಿಳಿದಿರಬೇಕು.

ಐಆರ್-1, ಸಿಆರ್-1, ಎಫ್2ಎ

ಪ್ರಜೆಯ ಗಂಡ ಅಥವಾ ಹೆಂಡತಿಯನ್ನು ಅಮೆರಿಕದ ಕಾನೂನು ‘ಅತಿ ಹತ್ತಿರದ ಸಂಬಂಧಿ’ಗಳ ಗುಂಪಿಗೆ ಸೇರಿಸುತ್ತದೆ. ಈ ಗುಂಪಿಗೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿಯಿಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗೆ ಭಾರತೀಯರು ದಶಕಗಟ್ಟಲೆ ನಿಂತಿರುವ ಸರದಿ ಇಲ್ಲಿ ಇರುವುದಿಲ್ಲ. ಹಿಡಿಯುವ ಸಮಯವೆಲ್ಲ ಕಡತ ಮೇಜಿನಿಂದ ಮೇಜಿಗೆ ಸಾಗುವ ಸಮಯ.

ಅಮೆರಿಕದೊಳಗೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ಐಆರ್-1, ತುಂಬಿಲ್ಲದಿದ್ದರೆ ಸಿಆರ್-1. ಅರ್ಜಿ ಒಂದೇ, ಶುಲ್ಕ ಒಂದೇ. ವ್ಯತ್ಯಾಸ ಗೊತ್ತಾಗುವುದು ಹೋದ ಮೇಲೆ: ಐಆರ್-1ನವರಿಗೆ ಹತ್ತು ವರ್ಷದ ಗ್ರೀನ್ ಕಾರ್ಡ್, ಸಿಆರ್-1ನವರಿಗೆ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಎರಡನೇ ವಾರ್ಷಿಕೋತ್ಸವ ಹತ್ತಿರದಲ್ಲಿದ್ದರೆ ವೀಸಾದ ಅವಧಿಯೊಳಗೇ ಪ್ರಯಾಣವನ್ನು ಕೆಲವು ದಿನ ಮುಂದೂಡಿ ಆ ದಿನ ದಾಟಿದ ಮೇಲೆ ಇಳಿಯುವುದು ಜಾಣತನ. ಮುಂದೆ ಒಂದು ಇಡೀ ಅರ್ಜಿ ಮತ್ತು ಅದರ ಶುಲ್ಕ ಎರಡೂ ಉಳಿಯುತ್ತವೆ.

ಅಲ್ಲಿರುವವರು ಪ್ರಜೆಯಲ್ಲ, ಬರೀ ಗ್ರೀನ್ ಕಾರ್ಡ್ ಇರುವವರು ಎಂದಾದರೆ ಸಂಗಾತಿಗೆ ಸಿಗುವುದು ಎಫ್2ಎ ವರ್ಗ. ಇದಕ್ಕೆ ವಾರ್ಷಿಕ ಮಿತಿ ಉಂಟು. ವಿದೇಶಾಂಗ ಇಲಾಖೆ ತಿಂಗಳು ತಿಂಗಳೂ ಹೊರಡಿಸುವ ವೀಸಾ ಬುಲೆಟಿನ್ ನೋಡಿ ತಮ್ಮ ಅರ್ಜಿಯ ದಿನಾಂಕ ಬರುವವರೆಗೆ ಕಾಯಬೇಕು. ಮಧ್ಯೆ ಗಂಡನಿಗೆ ಪೌರತ್ವ ಸಿಕ್ಕಿದರೆ ತಿಳಿಸಿದರಾಯಿತು, ಅದೇ ಅರ್ಜಿ ಮಿತಿಯಿಲ್ಲದ ವರ್ಗಕ್ಕೆ ಏರುತ್ತದೆ.

ಮಕ್ಕಳ ವಿಚಾರದಲ್ಲಿ ಬಹಳ ಮಂದಿ ಇಲ್ಲೇ ಎಡವುತ್ತಾರೆ. ಎಫ್2ಎ ಅರ್ಜಿಯಲ್ಲಿ ಸಂಗಾತಿಯ ಜೊತೆ ಮಕ್ಕಳೂ ಬರಬಹುದು. ಐಆರ್-1, ಸಿಆರ್-1ರಲ್ಲಿ ಹಾಗಿಲ್ಲ. ಹೆಂಡತಿಗೆ ಹಿಂದಿನ ಮದುವೆಯಿಂದ ಮಗುವಿದ್ದರೆ ಆ ಮಗುವಿಗೇ ಬೇರೆಯಾಗಿ ಐ-130 ಎಂಬ ಸಂಬಂಧದ ಅರ್ಜಿ ಹಾಕಬೇಕು. ಮಲಮಗುವೆಂದು ಕಾನೂನು ಒಪ್ಪಬೇಕಾದರೆ ಮಗುವಿಗೆ 18 ತುಂಬುವ ಮೊದಲು ಈ ಮದುವೆ ಆಗಿರಬೇಕು. ಇದು ಗೊತ್ತಿಲ್ಲದೆ ತಾಯಿಗೆ ವೀಸಾ ಬಂದು ಮಗು ಅಜ್ಜಿಯ ಮನೆಯಲ್ಲಿ ಉಳಿಯುವ ಸ್ಥಿತಿ ಬರಬಾರದು. ಅರ್ಜಿಗಳನ್ನು ಒಟ್ಟಿಗೇ ಹಾಕಿ.

ಈ ಹಕ್ಕು ಬಂದ ಹಾದಿ

ಇವತ್ತು ಸಹಜವೆನಿಸುವ ಈ ಹಕ್ಕು ಭಾರತೀಯರಿಗೆ ಬಹುಕಾಲ ಇರಲಿಲ್ಲ. 1907ರ ಕಾನೂನಿನಂತೆ ವಿದೇಶೀಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರ ಕೇಬಲ್ ಕಾಯಿದೆ ಅದನ್ನು ಸರಿಪಡಿಸಿತು, ಆದರೆ ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದರೆ ಮಾತ್ರ ಹಳೆಯ ಶಿಕ್ಷೆಯೇ ಉಳಿಯಿತು. ಮರುವರ್ಷವೇ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ‘ಬಿಳಿಯರ’ ಲೆಕ್ಕಕ್ಕೆ ಬರುವುದಿಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತು. 1924ರ ವಲಸೆ ಕಾಯಿದೆ ಪ್ರಜೆಗಳ ಹೆಂಡತಿಯರನ್ನು ಕೋಟಾದಿಂದ ಹೊರಗಿಟ್ಟರೂ ಏಷ್ಯಾದವರಿಗೆ ಆ ಬಾಗಿಲು ತೆರೆಯಲಿಲ್ಲ. ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ರೈತರು ಊರಿನಿಂದ ಹೆಂಡತಿಯರನ್ನು ಕರೆಸಿಕೊಳ್ಳಲಾಗದೆ ವರ್ಷಗಟ್ಟಲೆ ಒಂಟಿಯಾಗಿ ಬದುಕಿದರು. ಹಲವರು ಅಲ್ಲಿನ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೇರೆಯೇ ಒಂದು ಸಮುದಾಯ ಬೆಳೆಯಿತು.

1946ರ ಲೂಸ್–ಸೆಲ್ಲರ್ ಕಾಯಿದೆ ಭಾರತೀಯರಿಗೆ ಪೌರತ್ವದ ಅರ್ಹತೆಯನ್ನೂ ವರ್ಷಕ್ಕೆ 100 ಜನರ ಕೋಟಾವನ್ನೂ ಕೊಟ್ಟಿತು. 1952ರ ವಲಸೆ ಮತ್ತು ಪೌರತ್ವ ಕಾಯಿದೆಯಿಂದ ಅಮೆರಿಕದ ಹೆಣ್ಣು ತನ್ನ ಗಂಡನನ್ನು ಗಂಡಸಿನಷ್ಟೇ ಹಕ್ಕಿನಿಂದ ಕರೆಸಿಕೊಳ್ಳುವಂತಾಯಿತು. ಮೂಲದೇಶದ ಕೋಟಾ ಪದ್ಧತಿಯನ್ನು ಕಿತ್ತುಹಾಕಿದ 1965ರ ತಿದ್ದುಪಡಿಯೇ ಇಂದಿನ ವ್ಯವಸ್ಥೆಯ ಬುನಾದಿ. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ವಿಂಡ್ಸರ್ ತೀರ್ಪು ಬಂದ ಮೇಲೆ ಒಂದೇ ಲಿಂಗದ ಸಂಗಾತಿಗಳ ಅರ್ಜಿಯೂ ಇದೇ ನಿಯಮದಡಿ ನಡೆಯುತ್ತಿದೆ. ಭಾರತದಲ್ಲಿ ಅಂಥ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲದ ಕಾರಣ ಅವರು ಮಾನ್ಯತೆ ಇರುವ ಬೇರೆ ದೇಶದಲ್ಲಿ ಮದುವೆಯಾಗಬೇಕಾಗುತ್ತದೆ.

ಮೊದಲ ಮೆಟ್ಟಿಲು: ಐ-130

ಐ-130 ಎಂಬುದು ಸಂಬಂಧವನ್ನು ಸ್ಥಾಪಿಸುವ ಅರ್ಜಿ. ಹಾಕುವವರು ಪ್ರಜೆ, ಸಂಗಾತಿಯ ವಾಸ ಮತ್ತು ಉದ್ಯೋಗದ ವಿವರಗಳಿಗೆ ಐ-130ಎ ಎಂಬ ಜೋಡಿ ನಮೂನೆ ಇದೆ. 2024ರ ಏಪ್ರಿಲ್ 1ರಿಂದ ಆನ್‌ಲೈನ್ ಅರ್ಜಿಗೆ 625 ಡಾಲರ್, ಕಾಗದದ ಅರ್ಜಿಗೆ 675 ಡಾಲರ್ ಎಂದು ನಿಗದಿಯಾಯಿತು. ಇಲ್ಲಿ ಹೇಳಿರುವ ಯಾವ ಶುಲ್ಕವನ್ನೇ ಆಗಲಿ ಕಟ್ಟುವ ದಿನ ಸರ್ಕಾರದ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ, ಅದು ಬದಲಾಗುತ್ತಿರುತ್ತದೆ.

ಜೊತೆಗೆ ಹೋಗಬೇಕಾದವು: ಪೌರತ್ವದ ದಾಖಲೆ, ಮದುವೆ ನೋಂದಣಿ ಪತ್ರ, ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ಅದು ಮುಗಿದದ್ದಕ್ಕೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪತ್ರ, ಫೋಟೋ, ಮತ್ತು ಮದುವೆ ನಿಜವಾದದ್ದೆಂಬ ಪುರಾವೆ. ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣವಾಗಿದೆ, ಸರಿಯಾಗಿದೆ ಎಂದು ಅನುವಾದಕರು ಬರೆದು ಸಹಿ ಹಾಕಿದರೆ ಸಾಕು.

ಛತ್ರದ ಮದುವೆ, ಕಾಗದದ ಮದುವೆ

ಸಾವಿರ ಜನರ ಮುಂದೆ ಧಾರೆ ಎರೆದುಕೊಟ್ಟ ಮದುವೆಗೆ ಬೇರೆ ಸಾಕ್ಷಿ ಏಕೆ ಎಂದು ಹಿರಿಯರು ಕೇಳುವುದುಂಟು. ಆದರೆ ಅಮೆರಿಕದ ಅಧಿಕಾರಿ ನೋಡುವುದು ನೋಂದಣಿ ಪತ್ರವನ್ನು. ದೇವಸ್ಥಾನದವರು ಕೊಟ್ಟ ಚೀಟಿ, ಛತ್ರದ ರಸೀದಿ, ಲಗ್ನಪತ್ರಿಕೆ ಪೂರಕವಾಗಬಹುದು, ನೋಂದಣಿಯ ಜಾಗ ತುಂಬಲಾರವು. 2006ರ ಸೀಮಾ–ಅಶ್ವನಿ ಕುಮಾರ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಹೇಳಿದೆ. ಕರ್ನಾಟಕದಲ್ಲಿ 1955ರ ಹಿಂದೂ ವಿವಾಹ ಕಾಯಿದೆಯಡಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸುವುದು ರೂಢಿ. ಕಾವೇರಿ ಆನ್‌ಲೈನ್ ವ್ಯವಸ್ಥೆಯಲ್ಲೂ ಅರ್ಜಿ ಹಾಕಬಹುದು. ಧರ್ಮ ಬೇರೆ ಬೇರೆಯಾಗಿದ್ದರೆ 1954ರ ವಿಶೇಷ ವಿವಾಹ ಕಾಯಿದೆ, ಅದಕ್ಕೆ 30 ದಿನದ ನೋಟಿಸು. ರಜೆಗೆ ಎರಡೇ ವಾರ ಬಂದಿರುವ ಗಂಡು ಮದುವೆ ಮುಗಿದ ಮರುದಿನವೇ ಬೀಗರ ಮನೆ ಊಟದ ಮಧ್ಯೆ ಬಿಡುವು ಮಾಡಿಕೊಂಡು ಸಾಕ್ಷಿಗಳ ಸಮೇತ ಈ ಕೆಲಸ ಮುಗಿಸಿಕೊಳ್ಳದಿದ್ದರೆ, ಮುಂದಿನ ರಜೆಯವರೆಗೆ ಇಡೀ ಅರ್ಜಿ ನಿಂತುಬಿಡುತ್ತದೆ.

ನೋಂದಣಿ ಪತ್ರ ಮದುವೆ ಆಗಿದೆ ಎಂದು ಹೇಳುತ್ತದೆ. ಅದು ಗ್ರೀನ್ ಕಾರ್ಡ್‌ಗಾಗಿಯೇ ಆದ ಮದುವೆಯಲ್ಲ ಎಂಬುದನ್ನು ಬೇರೆಯಾಗಿ ತೋರಿಸಬೇಕು. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಪರಿಚಯವಾಗಿ ಕೆಲವೇ ವಾರಕ್ಕೆ ಮುಹೂರ್ತ ಬರುವುದು ನಮಗೆ ಸಾಮಾನ್ಯ, ಭಾರತದ ಕಡತ ನೋಡುವ ಅಧಿಕಾರಿಗಳಿಗೂ ಇದು ಹೊಸದಲ್ಲ. ಅನುಮಾನ ಬರುವುದು ಮದುವೆಯ ನಂತರದ ತಿಂಗಳುಗಳು ಖಾಲಿಯಾಗಿದ್ದಾಗ. ನೂರಾರು ಮದುವೆ ಫೋಟೋಗಳಿಗಿಂತ, ನಂತರದ ಕಾಲದ ಪುರಾವೆಗೆ ತೂಕ ಹೆಚ್ಚು: ಊರಿಗೆ ಬಂದುಹೋದ ವಿಮಾನದ ಟಿಕೆಟ್ಟು ಮತ್ತು ಪಾಸ್‌ಪೋರ್ಟ್ ಮುದ್ರೆ, ಕಳಿಸಿದ ಹಣದ ಬ್ಯಾಂಕ್ ವಿವರ, ವಿಮೆಯಲ್ಲೂ ಬ್ಯಾಂಕಿನಲ್ಲೂ ಪರಸ್ಪರರ ಹೆಸರಿನ ನಾಮಿನಿ, ವಾಟ್ಸ್ಆ್ಯಪ್ ಮಾತುಕತೆಯ ಕೆಲವು ಪುಟ, ಹಬ್ಬದಲ್ಲಿ ಅತ್ತೆಮನೆಯವರ ಜೊತೆ ಇರುವ ಚಿತ್ರ. ಚಿತ್ರದ ಹಿಂದೆ ದಿನಾಂಕ, ಊರು, ಇರುವವರ ಹೆಸರು ಬರೆದರೆ ಅಧಿಕಾರಿ ಅರ್ಧ ನಿಮಿಷದಲ್ಲಿ ಅರ್ಥಮಾಡಿಕೊಳ್ಳುತ್ತಾರೆ.

ಮೋಸದ ಮದುವೆಗೆ ಕಾನೂನು ಬಹಳ ಕಠಿಣ. ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಒಮ್ಮೆ ವಲಸೆಗಾಗಿ ಸುಳ್ಳು ಮದುವೆ ಮಾಡಿಕೊಂಡಿದ್ದಾರೆಂದು ತೀರ್ಮಾನವಾದರೆ, ಮುಂದೆ ನಿಜವಾಗಿ ಮದುವೆಯಾದರೂ ಅವರ ಪರವಾಗಿ ಹಾಕಿದ ಅರ್ಜಿ ಮಂಜೂರಾಗುವುದಿಲ್ಲ.

ಸೋದರ ಸಂಬಂಧದ ಮದುವೆ

ಇದನ್ನು ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕು. ಅತ್ತೆಯ ಮಗ, ಮಾವನ ಮಗಳು, ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಎಷ್ಟೋ ಮನೆಗಳ ಸಂಪ್ರದಾಯ. ನಿಷೇಧಿತ ಸಂಬಂಧಗಳ ಪಟ್ಟಿಯಲ್ಲಿದ್ದರೂ ಸಂಪ್ರದಾಯ ಒಪ್ಪಿದ್ದರೆ ಹಿಂದೂ ವಿವಾಹ ಕಾಯಿದೆಯ 5ನೇ ಸೆಕ್ಷನ್ ಅಂಥ ಮದುವೆಗೆ ಅವಕಾಶ ಕೊಡುತ್ತದೆ. ಅಮೆರಿಕದ ವಲಸೆ ಕಾನೂನೂ ಸಾಮಾನ್ಯವಾಗಿ, ಮದುವೆ ನಡೆದ ಊರಿನ ಕಾನೂನಿಗೆ ಸರಿಯಾದರೆ ಸರಿ ಎನ್ನುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ದಂಪತಿ ಬಾಳಲು ಹೊರಟಿರುವ ರಾಜ್ಯದ ನೀತಿಗೆ ಆ ಮದುವೆ ತೀರಾ ವಿರುದ್ಧವೇ ಎಂದೂ ನೋಡುತ್ತಾರೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ರಾಜ್ಯಗಳಲ್ಲಿ ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಗೆ ಅಡ್ಡಿಯಿಲ್ಲ. ಟೆಕ್ಸಾಸ್ 2005ರಲ್ಲಿ ಅದನ್ನು ನಿಷೇಧಿಸಿತು. ಸೋದರಮಾವ–ಸೊಸೆಯ ಮದುವೆಗಂತೂ ಬಹುತೇಕ ರಾಜ್ಯಗಳಲ್ಲಿ ನಿಷೇಧವಿದೆ, ಹಲವು ಕಡೆ ಅದು ಅಪರಾಧ. ಬೇರೆಡೆ ನಡೆದ ಮದುವೆಯನ್ನು ಒಪ್ಪುವ ವಿಚಾರದಲ್ಲೂ ರಾಜ್ಯಕ್ಕೊಂದು ನಿಲುವು. ಇಂಥ ಸಂಬಂಧವಿರುವವರು ನಿಶ್ಚಿತಾರ್ಥಕ್ಕೆ ಮೊದಲೇ ಆ ರಾಜ್ಯದ ಕಾನೂನು ಬಲ್ಲ ವಲಸೆ ವಕೀಲರನ್ನು ಕೇಳಬೇಕು. ಸಂಬಂಧವನ್ನು ಅರ್ಜಿಯಲ್ಲಿ ಮುಚ್ಚಿಡುವುದು ಎಲ್ಲಕ್ಕಿಂತ ಅಪಾಯದ ದಾರಿ.

ಹಿಂದಿನ ಮದುವೆ ಪಂಚಾಯ್ತಿಯಲ್ಲಿ ಬಾಂಡ್ ಪೇಪರಿನ ಮೇಲೆ ಮುರಿದಿದ್ದರೂ ಇದೇ ಬಗೆಯ ತೊಡಕು. ಸಂಪ್ರದಾಯದ ವಿಚ್ಛೇದನವನ್ನು ನಮ್ಮ ಕಾನೂನು ಕೆಲವೆಡೆ ಒಪ್ಪುತ್ತದೆ, ಆದರೆ ಆ ಸಮುದಾಯದಲ್ಲಿ ಆ ಸಂಪ್ರದಾಯವಿದೆ ಎಂದು ಸಾಬೀತು ಮಾಡುವ ಹೊರೆ ಅರ್ಜಿದಾರರ ಮೇಲೆ. ಕೋರ್ಟಿನ ಡಿಕ್ರಿ ಕೈಯಲ್ಲಿದ್ದರೆ ಈ ಪ್ರಶ್ನೆ ಏಳುವುದಿಲ್ಲ.

ಇನಿಶಿಯಲ್ಲಿನ ಹೆಸರು

ಕರ್ನಾಟಕದ ಕಡತಗಳು ನಿಲ್ಲುವ ಇನ್ನೊಂದು ಜಾಗ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತಾ ಎಚ್.ಎನ್.’, ಪಾಸ್‌ಪೋರ್ಟಿನಲ್ಲಿ ‘ಸವಿತಾ ಹೊಳಲ್ಕೆರೆ ನಂಜುಂಡಪ್ಪ’, ಆಧಾರದಲ್ಲಿ ಬರೀ ‘ಸವಿತಾ’, ಮದುವೆ ನೋಂದಣಿಯಲ್ಲಿ ‘ಸವಿತ ಎನ್.’ ಎಂದಿದ್ದರೆ ನಮಗೆ ಇವರೆಲ್ಲ ಒಬ್ಬರೇ. ತನ್ನ ಹೆಸರು, ಊರು, ಅಪ್ಪನ ಹೆಸರು ಎಂಬ ಕ್ರಮ ಗೊತ್ತಿಲ್ಲದವರಿಗೆ ಇವು ನಾಲ್ಕು ಜನರ ಕಾಗದಗಳು. ಮನೆತನದ ಹೆಸರಿನ ಕಾಲಂ ಖಾಲಿಯಿರುವ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂಬ ಮೂರಕ್ಷರ ಬಂದು ಕೂರುತ್ತದೆ. ಮುಂದೆ ಅಲ್ಲಿನ ಡ್ರೈವಿಂಗ್ ಲೈಸೆನ್ಸು, ಬ್ಯಾಂಕ್ ಖಾತೆ ಎಲ್ಲದರಲ್ಲೂ ಅದೇ ಅಂಟಿಕೊಳ್ಳುತ್ತದೆ.

ಇದಕ್ಕೆ ಮದ್ದು ಮೊದಲೇ ಮಾಡಿಕೊಳ್ಳುವುದು. ಪಾಸ್‌ಪೋರ್ಟಿನಲ್ಲಿ ಎರಡೂ ಕಾಲಂ ತುಂಬಿಸಿ, ಮದುವೆ ನೋಂದಣಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕಕ್ಷರ ಹೆಸರು ಬರೆಸಬೇಕು. ಉಳಿದ ವ್ಯತ್ಯಾಸಗಳಿಗೆ ‘ಇವೆಲ್ಲ ನನ್ನವೇ ಹೆಸರುಗಳು’ ಎಂಬ ನೋಟರಿ ಅಫಿಡವಿಟ್ ಮಾಡಿಸಿ, ಅರ್ಜಿಯಲ್ಲಿ ‘ಬಳಸಿದ ಇತರ ಹೆಸರು’ ಎಂಬಲ್ಲಿ ಎಲ್ಲವನ್ನೂ ನಮೂದಿಸಬೇಕು. ಮದುವೆಯಾಯಿತೆಂದು ಹೆಂಡತಿ ಹೆಸರು ಬದಲಿಸಿಕೊಳ್ಳಲೇಬೇಕೆಂಬ ನಿಯಮ ಅಮೆರಿಕದಲ್ಲಿಲ್ಲ, ಭಾರತದಲ್ಲೂ ಇಲ್ಲ. ಅರ್ಜಿ ನಡೆಯುತ್ತಿರುವಾಗ ಬದಲಿಸದಿರುವುದೇ ಕ್ಷೇಮ.

ಎರಡನೇ ಮೇಜು: ಹಣದ ಹೊಣೆ

ಐ-130 ಒಪ್ಪಿಗೆಯಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಆರ್ಥಿಕ ಹೊಣೆಪತ್ರದ ಪರಿಶೀಲನೆಗೆ 120 ಡಾಲರ್ ಕಟ್ಟಿ, ಡಿಎಸ್-260 ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. 16ನೇ ವಯಸ್ಸಿನಿಂದ ವಾಸಿಸಿದ ವಿಳಾಸಗಳು, ಓದಿದ ಶಾಲೆ, ಮಾಡಿದ ಕೆಲಸ, ಎಲ್ಲವನ್ನೂ ಕೇಳುತ್ತದೆ. ಇದು ಇಲ್ಲಿರುವವರ ಸ್ವಂತ ಅರ್ಜಿ. ಇಲ್ಲಿಯ ಪ್ರತಿ ಉತ್ತರಕ್ಕೂ ಹೊಣೆ ಅವರದೇ.

ಐ-864 ಎಂಬ ಹೊಣೆಪತ್ರದ ಮಹತ್ವ ಎರಡೂ ಕಡೆಯವರಿಗೆ ಸರಿಯಾಗಿ ತಿಳಿದಿರುವುದಿಲ್ಲ. ಸಂಗಾತಿಯನ್ನು ಅಮೆರಿಕದ ಬಡತನ ರೇಖೆಯ ಶೇ. 125ರಷ್ಟು ಆದಾಯದ ಮಟ್ಟದಲ್ಲಿ ಸಾಕುತ್ತೇನೆಂದು ಪ್ರಜೆ ಬರೆದುಕೊಡುವ ಕರಾರು ಇದು. 2025ರ ಪಟ್ಟಿಯಂತೆ ಇಬ್ಬರ ಸಂಸಾರಕ್ಕೆ ಬಹುತೇಕ ರಾಜ್ಯಗಳಲ್ಲಿ ವರ್ಷಕ್ಕೆ 26,437 ಡಾಲರ್ ಆದಾಯ ತೋರಿಸಬೇಕಿತ್ತು. ಸೇನೆಯಲ್ಲಿ ಸಕ್ರಿಯವಾಗಿರುವವರಿಗೆ ಶೇ. 100 ಸಾಕು. ಕಡಿಮೆ ಬಿದ್ದರೆ ಆಸ್ತಿ ತೋರಿಸಬಹುದು, ಕೊರತೆಯ ಮೂರರಷ್ಟು. ಅಥವಾ ಅಲ್ಲಿರುವ ಅಣ್ಣನೋ ಗೆಳೆಯನೋ ಜಂಟಿ ಹೊಣೆಗಾರರಾಗಿ ನಿಲ್ಲಬಹುದು. ಈ ಕರಾರು ವಿಚ್ಛೇದನವಾದರೂ ಮುಗಿಯುವುದಿಲ್ಲ. ಸಂಗಾತಿಗೆ ಪೌರತ್ವ ಬರುವವರೆಗೆ, ಅಥವಾ ಲೆಕ್ಕಕ್ಕೆ ಬರುವ 40 ತ್ರೈಮಾಸಿಕಗಳ ದುಡಿಮೆ ಜಮೆಯಾಗುವವರೆಗೆ, ಅಥವಾ ಅವರು ಆ ದೇಶ ಬಿಟ್ಟುಹೋಗುವವರೆಗೆ ಅಥವಾ ಸಾಯುವವರೆಗೆ ಅದು ಜೀವಂತ. ಕೈಬಿಟ್ಟ ಗಂಡನ ಮೇಲೆ ಹೆಂಡತಿ ಇದೇ ಪತ್ರದ ಆಧಾರದಿಂದ ಅಮೆರಿಕದ ಕೋರ್ಟಿಗೆ ಹೋಗಬಹುದು. ಸಹಿಯಾದ ಐ-864ರ ಒಂದು ಪ್ರತಿ ಹೆಂಡತಿಯ ಬಳಿಯೂ ಇರಬೇಕು.

ಬೆಂಗಳೂರಿಗೆ ವಾಪಸಾಗಿ ಇಲ್ಲೇ ದುಡಿಯುತ್ತಿರುವ ಅಮೆರಿಕದ ಪ್ರಜೆಗಳಿಗೆ ಒಂದು ಹೆಚ್ಚಿನ ಷರತ್ತಿದೆ. ಹೊಣೆಗಾರರ ನೆಲೆ ಅಮೆರಿಕದಲ್ಲಿರಬೇಕು. ಇಲ್ಲವಾದರೆ ಸಂಗಾತಿಯ ಜೊತೆಗೋ ಮೊದಲೋ ಹೋಗಿ ನೆಲೆಸುತ್ತೇನೆಂದು ಮನೆ ಹುಡುಕಾಟ, ಕೆಲಸದ ಪತ್ರ, ಬ್ಯಾಂಕ್ ಖಾತೆ ಮುಂತಾದವುಗಳಿಂದ ತೋರಿಸಬೇಕು. ಇಲ್ಲಿಯ ಸಂಬಳ ಎಷ್ಟೇ ದೊಡ್ಡದಿರಲಿ, ಅದು ಅಲ್ಲಿಗೆ ಹೋದ ಮೇಲೂ ಬರುವಂತಿದ್ದರೆ ಮಾತ್ರ ಲೆಕ್ಕಕ್ಕೆ.

ಜನನ ಪತ್ರ, ಪಿಸಿಸಿ, ವೈದ್ಯಕೀಯ ತಪಾಸಣೆ

ಜನನ ಪತ್ರದಲ್ಲಿ ಹೆಸರು, ದಿನಾಂಕ, ಊರು, ತಂದೆತಾಯಿ ಇಬ್ಬರ ಹೆಸರು ಇರಬೇಕು. ಹಳೆಯ ನೋಂದಣಿಗಳಲ್ಲಿ ‘ಹೆಣ್ಣು ಮಗು’ ಎಂದಷ್ಟೇ ಬರೆದು ಹೆಸರಿನ ಜಾಗ ಖಾಲಿಬಿಟ್ಟಿರುವುದು ಸಾಮಾನ್ಯ. ನೋಂದಣಿಯಾದ ಕಚೇರಿಯಲ್ಲಿ ಹೆಸರು ಸೇರಿಸಲು ಕೇಳಬೇಕು. ಕರ್ನಾಟಕದ ಇ-ಜನ್ಮ ವ್ಯವಸ್ಥೆಯಲ್ಲಿ ದಾಖಲೆ ಸಿಗುತ್ತದೆಯೇ ಎಂದು ಮೊದಲು ನೋಡುವುದು ಒಳ್ಳೆಯದು. ನೋಂದಣಿಯೇ ಆಗಿಲ್ಲದಿದ್ದರೆ ಆಗಿಲ್ಲವೆಂಬ ಪತ್ರ ಪಡೆದು, ಅದರ ಜೊತೆ ತಂದೆತಾಯಿ ಅಥವಾ ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್ಟು ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಲಗತ್ತಿಸಬೇಕು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು (ಪಿಸಿಸಿ) ಪಾಸ್‌ಪೋರ್ಟ್ ಕಚೇರಿಯಿಂದಲೇ ತರಬೇಕು, ಠಾಣೆಯ ಪತ್ರ ನಡೆಯುವುದಿಲ್ಲ. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. 16 ತುಂಬಿದ ಮೇಲೆ ದುಬೈಯಲ್ಲೋ ಸಿಂಗಪುರದಲ್ಲೋ 12 ತಿಂಗಳಿಗಿಂತ ಹೆಚ್ಚು ವಾಸವಿದ್ದರೆ ಆ ದೇಶದ್ದೂ ಬೇಕು, ಮತ್ತು ಅದಕ್ಕೇ ಹೆಚ್ಚು ಸಮಯ ಹಿಡಿಯಬಹುದು.

ವೈದ್ಯಕೀಯ ತಪಾಸಣೆಯನ್ನು ಕಾನ್ಸುಲೇಟ್ ಪಟ್ಟಿ ಮಾಡಿದ ವೈದ್ಯರೇ ನಡೆಸಬೇಕು. ಲಸಿಕೆಗಳ ವಿವರ ಕೇಳುತ್ತಾರೆ, ಎದೆಯ ಎಕ್ಸ್‌ರೇ ತೆಗೆಯುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ. ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಕಂಡರೆ ಕಫದ ಕಲ್ಚರ್ ಪರೀಕ್ಷೆಗೆ ಎಂಟು ವಾರ ಕಾಯಬೇಕು. ಕ್ಷಯವಿದೆ ಎಂದಾದರೂ ಹೆದರಬೇಕಿಲ್ಲ. ಮೇಲ್ವಿಚಾರಣೆಯ ಚಿಕಿತ್ಸೆ ಪೂರ್ಣವಾದ ಮೇಲೆ ವೀಸಾ ಮುಂದುವರಿಯುತ್ತದೆ. ತಪಾಸಣೆಯ ವರದಿ ಸಾಮಾನ್ಯವಾಗಿ ಆರು ತಿಂಗಳು ನಡೆಯುತ್ತದೆ, ವೀಸಾದ ಅವಧಿಯೂ ಅದಕ್ಕೇ ತಳುಕು ಹಾಕಿಕೊಂಡಿರುತ್ತದೆ. ಸಂದರ್ಶನದ ದಿನ ಗೊತ್ತಾಗುವ ಮೊದಲೇ ಮಾಡಿಸಬೇಡಿ.

ಮುಂಬಯಿಯ ಕಿಟಕಿ

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ಆಗ ವೀಸಾ ಸೇವೆ ಶುರುವಾಗಿರಲಿಲ್ಲ. ಚೆನ್ನೈ, ಹೈದರಾಬಾದಿನಲ್ಲಿ ವಿದ್ಯಾರ್ಥಿ ವೀಸಾ ಪಡೆದವರು ಮನೆಯಲ್ಲಿದ್ದರೂ ಅವರ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದು ಕಡಿಮೆ. ಭಾರತದ ವಲಸೆ ವೀಸಾಗಳ ಬಹುಪಾಲು ಸಂದರ್ಶನ ನಡೆಯುವುದು ಮುಂಬಯಿಯ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟ್‌ನಲ್ಲಿ. ಅದಕ್ಕೆ ಮೊದಲು ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೋ ಕೊಡುವ ಕೆಲಸವಿರುತ್ತದೆ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಹೊರಡುವವರು ತಪಾಸಣೆ, ಬೆರಳಚ್ಚು, ಸಂದರ್ಶನ ಮೂರರ ದಿನಗಳನ್ನು ಹೊಂದಿಸಿಕೊಂಡು ಉಳಿಯಲು ವ್ಯವಸ್ಥೆ ಮಾಡಿಕೊಳ್ಳಬೇಕು. ಮೊಬೈಲು ಒಳಗೆ ಒಯ್ಯುವಂತಿಲ್ಲ. ಇಡಲು ಜೊತೆಗೆ ಯಾರಾದರೂ ಇದ್ದರೆ ಅನುಕೂಲ.

ಒಳಗೆ ಮೊದಲ ಕಿಟಕಿಯಲ್ಲಿ ಸಿಬ್ಬಂದಿ ಅಸಲು ದಾಖಲೆ ನೋಡುತ್ತಾರೆ. ಆಮೇಲೆ ಅಧಿಕಾರಿಯ ಕಿಟಕಿ. ಬಲಗೈ ಎತ್ತಿ ಸತ್ಯವನ್ನೇ ಹೇಳುವುದಾಗಿ ಪ್ರಮಾಣ, ಡಿಎಸ್-260ಕ್ಕೆ ಬೆರಳಚ್ಚಿನ ಸಹಿ, ಆಮೇಲೆ ಪ್ರಶ್ನೆಗಳು. ಸಂಬಂಧ ಕುದುರಿದ್ದು ಹೇಗೆ, ಮೊದಲು ಭೇಟಿಯಾದದ್ದು ಎಲ್ಲಿ, ಮದುವೆಗೆ ಅವರ ಕಡೆಯಿಂದ ಯಾರು ಬಂದಿದ್ದರು, ಅವರ ಕೆಲಸ ಏನು, ಯಾವ ಊರು, ಮೊದಲು ಮದುವೆಯಾಗಿತ್ತೇ, ಕೊನೆಯ ಬಾರಿ ಬಂದದ್ದು ಯಾವಾಗ. ಬಾಯಿಪಾಠ ಮಾಡಿದ ಉತ್ತರ ಬೇಡ. ಗಂಡನ ಕಂಪನಿಯ ಹೆಸರು ಗೊತ್ತಿದ್ದು ಕೆಲಸದ ತಾಂತ್ರಿಕ ವಿವರ ಗೊತ್ತಿಲ್ಲದಿದ್ದರೆ ಹಾಗೆಯೇ ಹೇಳಬಹುದು. ಗಂಡನ ಹಿಂದಿನ ಮದುವೆಯ ಸುದ್ದಿ ಹೆಂಡತಿಗೆ ಈ ಕಿಟಕಿಯ ಮುಂದೆ ಮೊದಲ ಸಲ ತಿಳಿಯುವಂತಾಗಬಾರದು. ಕಡತವನ್ನು ಪೂರ್ತಿ ಓದಿ ತಿಳಿದಿರಬೇಕೆಂದು ಮೇಲೆ ಹೇಳಿದ್ದು ಇದಕ್ಕೇ. ಐ-130ರ ಪೂರ್ತಿ ಪ್ರತಿಯನ್ನು ತರಿಸಿಕೊಂಡು ಓದಬೇಕು.

ತಡೆ ಮತ್ತು ನಿರಾಕರಣೆ

ಒಪ್ಪಿದರೆ ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಸಾಮಾನ್ಯವಾಗಿ ಕೈಗೆ ಬರುವುದು 221(ಜಿ) ಎಂಬ ಚೀಟಿ. ಯಾವುದೋ ದಾಖಲೆ ಬೇಕು ಅಥವಾ ಒಳಗಿನ ಪರಿಶೀಲನೆ ಬಾಕಿಯಿದೆ ಎಂದು ಇದರ ಅರ್ಥ. ಕೇಳಿದ್ದನ್ನು ಒಂದು ವರ್ಷದೊಳಗೆ ಒದಗಿಸಿದರೆ ಕಡತ ಅಲ್ಲಿಂದಲೇ ಮುಂದುವರಿಯುತ್ತದೆ.

ಗಟ್ಟಿಯಾದ ತಡೆಗಳು ಬೇರೆ ಇವೆ. ಅಮೆರಿಕದಲ್ಲಿ ಹಿಂದೆ ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಇದ್ದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಮೇಲ್ಪಟ್ಟು ಇದ್ದವರಿಗೆ ಹತ್ತು ವರ್ಷ ಪ್ರವೇಶವಿಲ್ಲ; 1996ರ ಕಾನೂನಿನ ನಿಯಮವಿದು. ವೀಸಾಕ್ಕಾಗಿ ಸುಳ್ಳು ಹೇಳಿದ್ದು ಸಾಬೀತಾದರೆ ತಡೆ ಆಜೀವ. ಎರಡಕ್ಕೂ ವಿನಾಯಿತಿ ಕೇಳಬಹುದು, ಸಿಗುವುದು ಸುಲಭವಲ್ಲ. ‘ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದರಾಯಿತು’ ಎಂಬ ಸಲಹೆ ಮದುವೆ ಮನೆಯಲ್ಲಿ ಧಾರಾಳವಾಗಿ ಸಿಗುತ್ತದೆ. ನೆಲೆಸುವ ಉದ್ದೇಶ ಮುಚ್ಚಿಟ್ಟು ಪ್ರವಾಸಿಯೆಂದು ಹೇಳಿ ಒಳಹೋಗುವುದೂ ಸುಳ್ಳೇ.

ಅಧಿಕಾರಿಯ ನಿರಾಕರಣೆಯ ವಿರುದ್ಧ ಕೋರ್ಟಿನಲ್ಲಿ ಹೆಚ್ಚಿನ ದಾರಿಯಿಲ್ಲ. ಎಲ್ ಸಾಲ್ವಡಾರ್‌ನ ಗಂಡನಿಗೆ ವೀಸಾ ಸಿಗದೆ ವರ್ಷಗಟ್ಟಲೆ ಹೋರಾಡಿದ ಅಮೆರಿಕದ ಮಹಿಳೆಯೊಬ್ಬರ ಮುನೋಜ್ ಪ್ರಕರಣದಲ್ಲಿ, ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 2024ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಒಟ್ಟಿಗೆ ಬಾಳುವುದೇ ಮದುವೆಯ ತಿರುಳು ಎಂದು ನಂಬಿದವರಿಗೆ ಇದು ನೋವಿನ ತೀರ್ಪು. ಆದರೆ ಇವತ್ತಿನ ಕಾನೂನು ಇದೇ. ಹಾಗಾಗಿ ಎಲ್ಲ ಎಚ್ಚರವೂ ಸಂದರ್ಶನಕ್ಕೆ ಮೊದಲೇ ಇರಬೇಕು.

ವೀಸಾ ಬಂದ ಮೇಲೆ

ಪ್ರಯಾಣಕ್ಕೆ ಮೊದಲು ಯುಎಸ್‌ಸಿಐಎಸ್‌ಗೆ ವಲಸೆ ಶುಲ್ಕ ಕಟ್ಟಬೇಕು. 2024ರ ಪಟ್ಟಿಯಲ್ಲಿ 235 ಡಾಲರ್. ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತಿದ ಕ್ಷಣದಿಂದ ಪಾಸ್‌ಪೋರ್ಟಿನ ಆ ವೀಸಾವೇ ಒಂದು ವರ್ಷ ಗ್ರೀನ್ ಕಾರ್ಡಿನ ಕೆಲಸ ಮಾಡುತ್ತದೆ. ಅಸಲು ಕಾರ್ಡು ಅಂಚೆಯಲ್ಲಿ ಬರುತ್ತದೆ. ತಾತ್ಕಾಲಿಕ ಉದ್ಯೋಗಿಯ ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿ ಹೋದವರಂತೆ ಕೆಲಸದ ಪರವಾನಗಿಗೆ ಬೇರೆ ಅರ್ಜಿ ಹಾಕಿ ಕಾಯಬೇಕಿಲ್ಲ, ಮರುದಿನವೇ ಕೆಲಸಕ್ಕೆ ಸೇರಬಹುದು.

ಸಿಆರ್-1ನವರಿಗೆ ಒಂದು ಕೆಲಸ ಬಾಕಿ. 1986ರ ವಿವಾಹ ವಂಚನೆ ತಿದ್ದುಪಡಿ ಕಾನೂನು ತಂದ ಎರಡು ವರ್ಷದ ಷರತ್ತನ್ನು ತೆಗೆಸಲು, ಕಾರ್ಡಿನ ಅವಧಿ ಮುಗಿಯುವ ಹಿಂದಿನ 90 ದಿನಗಳಲ್ಲಿ ಗಂಡಹೆಂಡಿರು ಸೇರಿ ಐ-751 ಅರ್ಜಿ ಹಾಕಬೇಕು. ಹಾಕದಿದ್ದರೆ ನೆಲೆಸುವ ಹಕ್ಕೇ ಹೋಗುತ್ತದೆ. ಇಬ್ಬರೂ ಸಹಿ ಮಾಡಬೇಕೆಂಬ ಈ ನಿಯಮವನ್ನೇ ಹಿಡಿದು ‘ನಾನು ಸಹಿ ಹಾಕದಿದ್ದರೆ ನೀನು ವಾಪಸ್’ ಎಂದು ಬೆದರಿಸುವ ಗಂಡಂದಿರಿದ್ದಾರೆ. ಆ ಬೆದರಿಕೆಗೆ ಕಾನೂನಿನ ಬಲವಿಲ್ಲ. ಮದುವೆ ಪ್ರಾಮಾಣಿಕವಾಗಿ ಆಗಿ ವಿಚ್ಛೇದನದಲ್ಲಿ ಮುಗಿದಿದ್ದರೆ, ಅಥವಾ ಹೊಡೆತ, ಹಿಂಸೆ, ಕ್ರೌರ್ಯ ನಡೆದಿದ್ದರೆ, ಹೆಂಡತಿ ಒಬ್ಬಳೇ ವಿನಾಯಿತಿ ಕೋರಿ ಐ-751 ಹಾಕಬಹುದು. ಗಂಡಸರಿಗೂ ಇದೇ ರಕ್ಷಣೆಯಿದೆ. ಪ್ರಜೆಯಾದ ಸಂಗಾತಿ ತೀರಿಕೊಂಡರೆ, ಇನ್ನೂ ವೀಸಾ ಬಾರದವರು ಸಹ ಸಾವಿನ ಎರಡು ವರ್ಷದೊಳಗೆ ಐ-360 ಎಂಬ ಸ್ವಂತ ಅರ್ಜಿ ಹಾಕಿಕೊಳ್ಳಬಹುದು.

ಸಂಗಾತಿ ವೀಸಾದಲ್ಲಿ ಹೋಗುವವರಿಗೆ ಅವರ ಹಕ್ಕುಗಳನ್ನು ವಿವರಿಸುವ ಕಿರುಹೊತ್ತಗೆಯೊಂದನ್ನು ಕಾನ್ಸುಲೇಟ್ ಕೊಡುತ್ತದೆ. ಮನೆಯೊಳಗಿನ ಹಿಂಸೆ ಅಪರಾಧ, ಪೊಲೀಸರನ್ನು ಕರೆಯಲು ವಲಸೆಯ ಸ್ಥಿತಿ ಅಡ್ಡಿಯಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಅಲ್ಲಿ ತುರ್ತು ಸಂಖ್ಯೆ 911. ರಾಷ್ಟ್ರೀಯ ಕೌಟುಂಬಿಕ ಹಿಂಸೆ ಸಹಾಯವಾಣಿ 1-800-799-7233, ಹಗಲು ರಾತ್ರಿ ತೆರೆದಿರುತ್ತದೆ, ದುಭಾಷಿಯನ್ನು ಕೇಳಬಹುದು. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಮದುವೆ ನೋಂದಣಿ ಪತ್ರ, ಐ-864 ಇವುಗಳ ಪ್ರತಿಗಳನ್ನು ತವರಿನಲ್ಲಿ ಒಂದು ಕಡೆ, ತನ್ನ ಸ್ವಂತ ಇಮೇಲ್‌ನಲ್ಲಿ ಒಂದು ಕಡೆ ಇಟ್ಟು ವಿಮಾನ ಹತ್ತಬೇಕು.